ಪೋಲೆಂಡಿನ ಚಿಂತೆಯ ಪಾಟೀಲ ಮೇಷ್ಟ್ರು

ಶಿಡ್ಲಘಟ್ಟದ ಕಾಫಿ ಹೋಟೆಲಿನಲ್ಲಿ ಕೂತು ಪೋಲೆಂಡಿನ ಚಿಂತೆ ಮಾಡುತ್ತಿದ್ದವರು ಪಾಟೀಲ ಮೇಷ್ಟ್ರೊಬ್ಬರೇ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ಧಾರವಾಡದವರು. ಸರ್ಕಾರವೇ ಎಲ್ಲವನ್ನೂ ನಡೆಸುತ್ತಿದ್ದ ಪೋಲೆಂಡಿನಂಥ ದೇಶಗಳು ಮಾರುಕಟ್ಟೆಗೆ ಬಾಗಿಲು ತೆರೆದಾಗ ಯಾವುದು ಚೇತರಿಸಿಕೊಂಡಿತು, ಯಾವುದು ಮುಗ್ಗರಿಸಿತು ಎಂದು ಹೋಲಿಸುವುದು ಅವರ ಸಂಶೋಧನೆ. ಬೆಲೆ, ಕೂಲಿ, ಸುಂಕಗಳನ್ನು ಸಮೀಕರಣಗಳಲ್ಲಿ ಹೆಣೆದು ಕಂಪ್ಯೂಟರಿಗೆ ಕೊಡುತ್ತಿದ್ದರು.

"ಇದೇನು ಜಾತಕ ಅಲ್ರೀ. ಹಿಂಗ ಮಾಡಿದ್ರ ಹಿಂಗಾಗತೈತಿ ಅಂತ ಹೇಳತೈತಿ, ಅಷ್ಟ. ಮಾಡದಿದ್ರ ನನ್ನ ಕೇಳಬ್ಯಾಡ್ರಿ" ಎಂದು ನಗುತ್ತಿದ್ದರು. ಹತ್ತನೇ ತರಗತಿ ಓದಿದ ನನಗೂ ಬಿಡಿಸಿ ಹೇಳುವ ತಾಳ್ಮೆ ಅವರಿಗಿತ್ತು.

ಆ ವರ್ಷಗಳಲ್ಲಿ ಆಮದು ಸುಂಕ ಇಳಿದು, ಚೀನಾದ ರೇಷ್ಮೆ ಅಗ್ಗವಾಗಿ ಬಂದು ನಮ್ಮ ನೂಲಿನ ಬೆಲೆ ಕುಸಿಯಿತು. ನನ್ನ ಫಿಲೇಚರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಹೆಂಗಸರು ದಿಗಿಲುಬಿದ್ದರು. ಧೈರ್ಯ ಹೇಳಲೆಂದು ಮೇಷ್ಟ್ರನ್ನು ಕರೆಸಿದೆ. ಚಿಂತಾಮಣಿ ಕಡೆಯ ಆ ಹೆಂಗಸರ ಮನೆಮಾತು ತೆಲುಗು. ಮೇಷ್ಟ್ರ ಕನ್ನಡ ಅವರಿಗೆ ಹಿಡಿಯದು, ಮೇಷ್ಟ್ರಿಗೆ ತೆಲುಗು ಬಾರದು. ನಡುವೆ ನಾನು ನಿಂತೆ.

"ಸುಂಕ ಇಳಿದ ಕಡೆ ಹಳೇ ಕೆಲಸ ಉಳಿದಿಲ್ಲವ್ವ. ಮೊದಲ ಬ್ಯಾರೆ ಕೆಲಸ ಕಲಿಸಿದ ದೇಶಗಳು ಎದ್ದು ನಿಂತಾವು. ನೀವೂ ಈಗಿಂದನ ಕಲೀರಿ" ಎಂದರು.

ಕಲಿಯಲು ಹೋದರೆ ನನ್ನ ಫಿಲೇಚರ್ ನಿಲ್ಲುತ್ತಿತ್ತು. ಮೇಷ್ಟ್ರ ಲೆಕ್ಕದಲ್ಲಿ ಎಲ್ಲ ಸರಿಹೋಗುತ್ತದಂತೆ, ಯಾರೂ ಎಲ್ಲೂ ಹೋಗಬೇಡಿ ಎಂದು ತೆಲುಗಿನಲ್ಲಿ ಹೇಳಿಬಿಟ್ಟೆ. ಹೆಂಗಸರು ಅವರಿಗೆ ಕೈಮುಗಿದರು. ಗೌರಿಬಿದನೂರಿಗೆ ಹೊಲಿಗೆ ಕಲಿಯಲು ಹೊರಟಿದ್ದ ನಾಗಮ್ಮ ಉಳಿದಳು.

"ಇಷ್ಟು ಛಲೋ ಯಾರೂ ಕೇಳಿರಲಿಲ್ರೀ!" ಮೇಷ್ಟ್ರ ಕಣ್ಣು ತುಂಬಿತ್ತು.

ಮರುವರ್ಷ ಫಿಲೇಚರ್ ಮುಚ್ಚಿತು. "ಆ ಮೇಷ್ಟ್ರು ಬಾಯಿಗ್ ಬಂದಂಗೆ ಅಂದ್ಬಿಟ್ರಲ್ಲಣ್ಣ" ಎಂದು ತನ್ನ ತೆಲುಗಿನಲ್ಲಿ ಅಂದಳು ನಾಗಮ್ಮ. ನಾನು ಹೌದೆಂದು ತಲೆಯಾಡಿಸಿದೆ.

ನಿವೃತ್ತರಾಗಿ ಊರಿಗೆ ಹೊರಟ ಮೇಷ್ಟ್ರನ್ನು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿಸಿದೆ. "ಆ ಹೆಣ್ಮಕ್ಕಳು ಬ್ಯಾರೆ ಕೆಲಸ ಕಲಿತರೇನ್ರೀ?"

"ಕಲಿತ್ರು ಸಾರ್."

ನನ್ನ ಕೈ ಹಿಡಿದುಕೊಂಡರು. "ಹಂಗಾದ್ರ ಒಂದು ಕಡೆನಾದ್ರೂ ಉಪಯೋಗಕ್ಕ ಬಂತು."

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತಿರುವ ನಾಗಮ್ಮನ ಹತ್ತಿರ ಹೋದೆ. "ಮೇಷ್ಟ್ರು ಹಂಗನ್ಲಿಲ್ಲ ಕಣಮ್ಮ. ಕಲೀರಿ ಅಂದಿದ್ರು. ನಾನೇ ತಿರುಚಿ ಹೇಳ್ದೆ."

ಅವಳು ನನ್ನನ್ನು ಬೈಯಲಿಲ್ಲ.

"ಅಯ್ಯೋ, ಆ ಪುಣ್ಯಾತ್ಮನಿಗೆ ಎಷ್ಟ್ ಶಾಪ ಹಾಕ್ಬಿಟ್ಟೆ! ಎಲ್ಲವ್ರಣ್ಣ ಈಗ? ಹೋಗಿ ತಪ್ಪಾಯ್ತು ಅಂತೀನಿ" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಎದ್ದಳು.

ಅವರು ಇಲ್ಲವೆಂದು ಅವಳಿಗೆ ನಾನಿನ್ನೂ ಹೇಳಿರಲಿಲ್ಲ.