ತಾಯಿಹುಳದ ಬಣ್ಣ

ನನ್ನ ಓರಗಿತ್ತಿಯನ್ನು ಅವಳ ಜೊತೆ ಕೆಲಸ ಮಾಡುವವರೆಲ್ಲ ಸೂಜಿಗಣ್ಣಿ ಎಂದು ಕರೆಯುತ್ತಿದ್ದರು. ಹೆಸರಿಟ್ಟಾಗ ಅದು ಅವಳ ಚುರುಕು ಕಣ್ಣಿಗೆ ಹೊಗಳಿಕೆ. ಆಮೇಲಾಮೇಲೆ ಆ ಹೆಸರು ಕೇಳಿದಾಗಲೆಲ್ಲ ಅವಳು ಎರಡನೇ ಸಲ ಕರೆದ ಮೇಲೇ ಓಗೊಡುತ್ತಿದ್ದಳು.

ಅವಳ ಕೆಲಸ ಹುಳ ಕಟ್ಟುವುದು. ಹುಳ ಎಂದರೆ ಹೊಳೆಯಲ್ಲಿ ಶೋಕಿಗೆ ಮೀನು ಹಿಡಿಯುವವರು ಗಾಳಕ್ಕೆ ಸಿಕ್ಕಿಸುವ ಸುಳ್ಳು ಹುಳ. ಪುಟ್ಟ ಕೊಕ್ಕೆಯೊಂದನ್ನು ಮೇಜಿನ ಇಕ್ಕಳದ ಬಾಯಿಗೆ ಕಚ್ಚಿಸಿ, ಬಾಲಕ್ಕೆ ಒಂದೆರಡು ಕೂದಲು, ಮೈಗೆ ಬಣ್ಣದ ಉಣ್ಣೆ, ಕತ್ತಿನ ಸುತ್ತ ಹುಂಜದ ಗರಿ ಸುತ್ತಿ ಗಂಟು ಹಾಕಬೇಕು. ತಲೆಯ ಮೇಲೆ ಒಂದು ಹನಿ ವಾರ್ನಿಷ್ ಇಟ್ಟರೆ, ಆಗ ತಾನೇ ನೀರಿಗಿಳಿದ ನೊಣ ಅನ್ನಬೇಕು, ಹಾಗಿರುತ್ತದೆ. ಆಯಸ್ಸೆಲ್ಲ ಕಟ್ಟಿದರೂ ಅದಕ್ಕೆ ಒಂದು ಮೀನು ಬಾಯಿ ಹಾಕಿದ್ದನ್ನು ಅವಳು ನೋಡಿದವಳಲ್ಲ. "ಮದುವೆ ದಲ್ಲಾಳಿ ಕೆಲಸ ಕಣೇ ನಮ್ದು. ಜೋಡಿ ಮಾಡಿಸ್ತೀವಿ, ಸಂಸಾರ ನೋಡೋಕೆ ಹೋಗಲ್ಲ" ಎಂದು ನಗುತ್ತಿದ್ದಳು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆ ಕೋಣೆ ಅವರ ಕಾರ್ಖಾನೆ. ಒಂದೇ ಮೇಜು, ಎರಡೂ ಕಡೆ ಹೆಂಗಸರು. ಎಷ್ಟೇ ಸೆಕೆಯಿದ್ದರೂ ಫ್ಯಾನ್ ಹಾಕುವ ಹಾಗಿಲ್ಲ, ಗರಿ ಹಾರಿಹೋಗುತ್ತದೆ. ಸೀನು ಬಂದವರು ಗೋಡೆಯ ಕಡೆ ತಿರುಗಿ ಸೀನಬೇಕು. ಕಿಟಕಿಯ ಪಕ್ಕದ ಕುರ್ಚಿ ನನ್ನ ಓರಗಿತ್ತಿಯದು. ಆ ಕುರ್ಚಿಗೆ ಒಂದು ಜವಾಬ್ದಾರಿ ಇತ್ತು: ತಾಯಿಹುಳ ಕಟ್ಟುವುದು. ಪ್ರತಿ ಜಾತಿಯ ಹುಳಕ್ಕೂ ಒಂದು ತಾಯಿ. ಅದನ್ನು ಸೀಸೆಯ ಬೂಚಿಗೆ ಚುಚ್ಚಿ ಮೇಜಿನ ನಡುವೆ ಇಡುತ್ತಾರೆ, ಮಿಕ್ಕವರೆಲ್ಲ ಅದನ್ನು ನೋಡಿ ಕಟ್ಟುತ್ತಾರೆ. ಕೈ ತಾಗಿ ತಾಗಿ ಅದು ಜಿಡ್ಡಾಗುವುದರಿಂದ ವರ್ಷಕ್ಕೊಮ್ಮೆ ಹಳೆಯದನ್ನು ಎಸೆದು ಹೊಸ ತಾಯಿ. ಗಿರಾಕಿಗಳು ಕಳಿಸಿದ ಚಿತ್ರಗಳು ಕಾರ್ಖಾನೆಯ ಯಜಮಾನರ ಬೀರುವಿನಲ್ಲಿದ್ದವು, ಆದರೆ ಅದರ ಬೀಗ ತೆಗೆಯುವವರೇ ಇರಲಿಲ್ಲ. ಯಜಮಾನರೂ ಗಂಟು ಎಳೆದು ನೋಡುತ್ತಿದ್ದರೇ ಹೊರತು ಬಣ್ಣ ನೋಡುತ್ತಿರಲಿಲ್ಲ. ಸೂಜಿಗಣ್ಣಿ ಕಟ್ಟಿದ ತಾಯಿ ಎಂದ ಮೇಲೆ ಮುಗಿಯಿತು.

ಮೈದುನನ ಮನೆ ಎಂದು ಅವಳು ನಮ್ಮ ಜೊತೆ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲ. ಟೀ ಬಗ್ಗಿಸುವಾಗ ಲೋಟದೊಳಗೆ ಬೆರಳಿಟ್ಟುಕೊಳ್ಳುವುದನ್ನು ಒಂದು ದಿನ ನೋಡಿದೆ.

"ಯಾಕಕ್ಕಾ, ಸುಡಲ್ವಾ?"

"ಸುಟ್ರೆ ತಾನೇ ತುಂಬಿದೆ ಅಂತ ಗೊತ್ತಾಗೋದು" ಅಂದಳು.

ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಆಪರೇಷನ್ನಿಗೆ ಬಗ್ಗುವುದಲ್ಲ, ಹೋದದ್ದು ಬರುವುದಿಲ್ಲ ಅಂದರು. ಮನೆ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡಳು. "ಯಾರಿಗೂ ಹೇಳ್ಬೇಡ ಕಣೇ. ಆ ಕುರ್ಚಿ ಹೋದ್ರೆ ನಾನು ನಿಮ್ಮನೇಲಿ ಸುಮ್ನೆ ಕೂತು ಉಣ್ಣೋಳಾಗ್ತೀನಿ."

ಅಲ್ಲಿಂದ ಅವಳು ಬೆರಳಲ್ಲೇ ಬದುಕಿದಳು. ಹುಂಜದ ಗರಿ ಗಡಸು, ಹೇಂಟೆಯದು ಮೆತ್ತಗೆ, ಬಾತುಕೋಳಿಯದಕ್ಕೆ ಎಣ್ಣೆ ಜಿಡ್ಡು. ಕೊಕ್ಕೆಯ ತುದಿಯನ್ನು ಕೆಳದುಟಿಗೆ ತಾಗಿಸಿ ಅದರ ಅಳತೆಯ ನಂಬರು ಹೇಳುತ್ತಿದ್ದಳು. ಬೆಳಕಿದ್ದಾಗ ದೊಡ್ಡ ವಸ್ತುಗಳ ನೆರಳು ಕಾಣುತ್ತಿತ್ತು, ಬಣ್ಣ ಮಾತ್ರ ಎಲ್ಲವೂ ಬೂದಿ. ಆದರೆ ಉಣ್ಣೆಯ ಉಂಡೆಗಳಿದ್ದ ಡ್ರಾಯರನ್ನು ಜೋಡಿಸಿದವಳು ಅವಳೇ. ಎಡದಿಂದ ಮೂರನೆಯ ಗೂಡಿನಲ್ಲಿ ಪಾಚಿ ಬಣ್ಣ, ಅದರ ಪಕ್ಕ ಜೇನಿನ ಬಣ್ಣ, ಹೀಗೆ. ಬಣ್ಣಗಳೆಲ್ಲ ಅವಳ ತಲೆಯೊಳಗೆ ಗೂಡು ಗೂಡಾಗಿ ಇದ್ದವು.

ಗರಿ, ತುಪ್ಪಳ, ಉಣ್ಣೆ ಇರುವ ಕಡೆ ನುಸಿಕಾಟ ತಪ್ಪುವುದಿಲ್ಲ. ಸುಳ್ಳು ಹುಳವನ್ನು ನಿಜವಾದ ಹುಳ ತಿಂದುಹಾಕುತ್ತದೆ. ಅದಕ್ಕೇ ವರ್ಷಕ್ಕೊಂದು ಸಲ ಎಲ್ಲವನ್ನೂ ಬಿಸಿಲಿಗೆ ಹರಡಿ, ನುಸಿಗುಳಿಗೆ ಹಾಕಿ ಮತ್ತೆ ತುಂಬುತ್ತಾರೆ. ಆ ವರ್ಷ ಯಜಮಾನರ ಸೊಸೆ ಹೊಸದಾಗಿ ಬಂದಿದ್ದಳು. ಕೆಟ್ಟ ಹುಡುಗಿಯಲ್ಲ, ಚುರುಕು. ಉಂಡೆಗಳ ಚೀಟಿಯಲ್ಲಿದ್ದ ನಂಬರು ನೋಡಿ, ಒಂದರಿಂದ ಶುರುಮಾಡಿ ಸಾಲಾಗಿ ಜೋಡಿಸಿಟ್ಟಳು. "ಈಗ ಯಾರಿಗೆ ಬೇಕಾದ್ರೂ ಸಿಗುತ್ತೆ" ಅಂದಳಂತೆ. ಎಲ್ಲರೂ ಭೇಷ್ ಅಂದರು. ನನ್ನ ಓರಗಿತ್ತಿ ಅವತ್ತು ನೆಗಡಿಯೆಂದು ಮನೆಯಲ್ಲಿದ್ದಳು.

ಮರುದಿನ ಹೋದವಳೇ ದೊಡ್ಡ ಗಿರಾಕಿಯೊಬ್ಬನ ಸಂಜೆನೊಣ ಎಂಬ ಜಾತಿಗೆ ತಾಯಿ ಕಟ್ಟಿದಳು. ಮೂರನೆಯ ಗೂಡಿಗೆ ಕೈ ಹಾಕಿದಳು, ಉಂಡೆ ಸಿಕ್ಕಿತು, ಸುತ್ತಿದಳು. ಬೂಚಿಗೆ ಚುಚ್ಚಿಟ್ಟಳು.

ಎದುರು ಕೂರುವ ಹೆಂಗಸಿಗೆ ರೇಡಿಯೋ ಎಂದು ಹೆಸರು, ಬಾಯಿ ಮುಚ್ಚುವುದೇ ಇಲ್ಲ. ಅವಳು ಬಗ್ಗಿ ನೋಡಿ, "ಏನಕ್ಕಾ, ಈ ಸಲ ಬಣ್ಣ ಬದಲಾಯ್ಸಿದಾರಾ?" ಎಂದು ಕೇಳಿದಳು.

ಕೈಗೆ ತಪ್ಪು ಉಂಡೆ ಸಿಕ್ಕಿದೆ ಎಂದು ಆಗಲೇ ಗೊತ್ತಾಯಿತು ಎಂದು ನನ್ನ ಓರಗಿತ್ತಿ ಆಮೇಲೆ ನನ್ನ ಹತ್ತಿರ ಹೇಳಿದಳು. ಯಾವ ಬಣ್ಣ ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿದರೆ ಕುರ್ಚಿಯೂ ಮುಗಿದುಹೋಗುತ್ತಿತ್ತು.

"ಹೂಂ. ಬದಲು" ಅಂದಳು.

"ಮೀನಿಗೂ ಫ್ಯಾಷನ್ ಬಂತು ಅನ್ನಿ! ನಮ್ಮನೆಯವರು ನೋಡಿದ್ರೆ ಹೊಟ್ಟೆ ಉರ್ಕೋತಾರೆ, ಅವರ ಹತ್ರ ಇರೋದೇ ಒಂದು ಅಂಗಿ."

ಎಲ್ಲರೂ ನಕ್ಕರು. ನಕ್ಕು, ಆ ತಾಯಿಯನ್ನು ನೋಡಿಕೊಂಡು ಕಟ್ಟತೊಡಗಿದರು.

ಮಾಲು ಹಾಗೇ ವಾಪಸು ಬಂತು. ಇದು ನಮ್ಮ ನೊಣವಲ್ಲ ಎಂದು ಗಿರಾಕಿ ಹೇಳಿ ಕಳಿಸಿದ್ದ, ಮುಂದಿನ ಕೆಲಸವನ್ನೂ ಬೇರೆ ಕಡೆ ಕೊಟ್ಟಿದ್ದ. ಯಜಮಾನರು ಕಡೆಗೂ ಬೀರುವಿನ ಬೀಗ ತೆಗೆದು ಚಿತ್ರ ಹೊರಗಿಟ್ಟರು. ಚಿತ್ರದಲ್ಲಿ ಪಾಚಿ ಬಣ್ಣ, ಮೇಜಿನ ಮೇಲಿದ್ದ ತಾಯಿಯದು ಇಟ್ಟಿಗೆ ಬಣ್ಣ.

"ನಾನು ಕೇಳ್ದೆ ತಾನೆ? ಬಾಯಿಬಿಟ್ಟು ಕೇಳ್ದೆ! ಹೂಂ ಅಂದ್ರಲ್ಲಕ್ಕಾ!" ರೇಡಿಯೋ ಅಳುತ್ತಲೇ ಕೂಗಾಡಿದಳು.

ಯಜಮಾನರು ಚಿತ್ರವನ್ನು ನನ್ನ ಓರಗಿತ್ತಿಯ ಮುಖದ ಮುಂದೆ ಹಿಡಿದರು. ಅವಳು ಅದರ ಪಕ್ಕಕ್ಕೆ ನೋಡಿದಳು. ಆಗ ಅವರಿಗೆ ಎಲ್ಲ ತಿಳಿಯಿತು.

"ಒಂದು ಮಾತು ಹೇಳಬಾರದಾಗಿತ್ತಾ ಅಕ್ಕಾ?"

"ಹೇಳಿದ್ರೆ ಕೂರಿಸ್ಕೋತಿದ್ರಾ?"

ಅವರು ಚಿತ್ರ ಮಡಚಿಕೊಂಡು ಒಳಗೆ ಹೋದರು.

ಕೆಲಸವಿಲ್ಲವೆಂದು ಹೆಂಗಸರನ್ನು ಮನೆಗೆ ಕಳಿಸಿದರು. ಕೊಕ್ಕೆಗಳಾದರೂ ಉಳಿಯಲಿ ಎಂದು, ಕಟ್ಟಿದ ಹುಳಗಳನ್ನೆಲ್ಲ ಬಿಚ್ಚಲು ಒಬ್ಬರು ಬೇಕಾಯಿತು. ನಾನು ಬರ್ತೀನಿ ಎಂದು ನನ್ನ ಓರಗಿತ್ತಿಯೇ ಕೇಳಿಕೊಂಡಳು. ಕಿಟಕಿಯಿಲ್ಲದ ಉಗ್ರಾಣದಲ್ಲಿ ಒಂದು ಮಣೆ ಹಾಕಿಕೊಟ್ಟರು, ಬೆಳಕು ಬೇಡವಲ್ಲ. ಬ್ಲೇಡಿನಲ್ಲಿ ಗಂಟು ಕೊಯ್ಯುವುದು, ಉಣ್ಣೆ ಗರಿ ಕಿತ್ತು ಬುಟ್ಟಿಗೆ ಹಾಕುವುದು, ಬರಿಯ ಕೊಕ್ಕೆಯನ್ನು ತುಟಿಗೆ ತಾಗಿಸಿ ಎಡಗಡೆಯ ಡಬ್ಬಿಗೆ ಹಾಕುವುದು. ಬಿಚ್ಚುವಾಗ ಯಾರು ಕಟ್ಟಿದ್ದೆಂದು ಅವಳ ಬೆರಳಿಗೆ ತಿಳಿಯುತ್ತಿತ್ತು. "ರೇಡಿಯೋದು ಬೇಗ ಬಿಚ್ಕೊಳತ್ತೆ. ಮಾತಾಡ್ತಾ ಕಟ್ಟಿರ್ತಾಳೆ" ಅಂದಳು ಒಂದು ಸಂಜೆ. ಆಮೇಲೆ ರೇಡಿಯೋ ದಾರಿಯಲ್ಲಿ ಸಿಕ್ಕಿದಳಂತೆ, ಮಾತೇ ಆಡದೆ ಹೋದಳಂತೆ. ಚಪ್ಪಲಿ ಸದ್ದಿನಲ್ಲಿ ಇವಳಿಗೆ ಗೊತ್ತಾಗಿತ್ತು.

ಡಬ್ಬಿಗಳು ತುಂಬಿದವು, ಬಿಚ್ಚುವುದು ಮುಗಿಯಿತು. ನಾಳೆಯಿಂದ ಬರಬೇಕಾಗಿಲ್ಲ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವತ್ತು ಮನೆಗೆ ಬಂದವಳು ಬೂಚಿನ ಸಮೇತ ಆ ತಾಯಿಹುಳವನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟಳು.

"ಬಣ್ಣ ಹೇಳೇ."

"ಇಟ್ಟಿಗೆ ಬಣ್ಣ ಅಕ್ಕಾ."

"ಕಪ್ಪಗೆ ಬೆಂದ ಇಟ್ಟಿಗೇನಾ?"

"ಅಲ್ಲ. ಕೆಂಪು."

"ಹಾಗಾದ್ರೆ ಕುರುಡಿಗೂ ಕಾಣ್ಬೇಕಿತ್ತು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬ್ಲೇಡನ್ನು ನನ್ನ ಕಡೆ ತಳ್ಳಿದಳು. "ಇದೊಂದು ನೀನು ಬಿಚ್ಚು."

ಗಂಟು ಎಲ್ಲಿದೆಯೆಂದೇ ನನಗೆ ತಿಳಿಯಲಿಲ್ಲ, ಅಷ್ಟು ಬಿಗಿ. "ಎಲ್ಲಿಂದ ಶುರು ಮಾಡ್ಲಕ್ಕಾ?"

"ತಲೆಯಿಂದ."

ಕೊಯ್ದೆ. ಗರಿ ಬಿಚ್ಚಿಕೊಂಡಿತು, ಉಣ್ಣೆ ಬಿಚ್ಚಿಕೊಂಡಿತು. ಉಳಿದ ಕೊಕ್ಕೆಯನ್ನು ಅವಳ ಅಂಗೈಯಲ್ಲಿಟ್ಟೆ. ತುದಿಯನ್ನು ಕೆಳದುಟಿಗೆ ತಾಗಿಸಿಕೊಂಡು, "ಹದಿನಾಲ್ಕು" ಅಂದಳು. ಅದನ್ನು ಹಾಕಲು ಎಡಗಡೆಗೆ ಕೈ ಚಾಚಿದಳು. ಅಲ್ಲಿ ಡಬ್ಬಿ ಇರಲಿಲ್ಲ. ಕೈ ಹಾಗೇ ತಡಕಾಡುತ್ತಿತ್ತು.