ಬರದೇ ಇದ್ದವರ ಲೆಕ್ಕ

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕೆ ವಿಷದಕ್ಕ. ಮನೆಯಲ್ಲಿ ಯಾರಾದರೂ ಕುಡಿಯಬಾರದ್ದನ್ನು ಕುಡಿದಾಗ ಜನ ಗಾಬರಿಯಿಂದ ಫೋನ್ ಮಾಡುವ ವಿಷ ಸಹಾಯವಾಣಿಯಲ್ಲಿ ನರ್ಸ್. ಮೆಟ್ಟಿಲ ಕೆಳಗಿನ ಕೋಣೆ, ಒಂದು ಫೋನು, ಕುಂಟುವ ಮೇಜು. ಮನೆಗೆ ಬಂದ ನೆಂಟರು ಕಾಫಿ ಲೋಟ ಹಿಡಿದು, "ಕುಡಿದ್ಮೇಲೆ ಯಾವ ನಂಬರಿಗೆ ಫೋನ್ ಮಾಡ್ಬೇಕಕ್ಕ?" ಎಂದು ಕಿಚಾಯಿಸುವುದು, ಆಕೆ "ಮಾಡಿ, ನಾನೇ ಎತ್ತೋದು" ಎನ್ನುವುದು ಮಾಮೂಲು.

ಅಂದು ಮಾತ್ರ ನಗು ಬರಲಿಲ್ಲ. ಎದುರಿಗೆ ಲೆಕ್ಕದ ಸಾಹೇಬರು ಕೂತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ವಿಭಾಗ ಮುಚ್ಚಬೇಕೆಂದು ಹೇಳುವ ಭಾರ ಅವರ ಮೇಲಿತ್ತು. ಆ ಭಾರ ಕುರ್ಚಿಗೂ ಗೊತ್ತಾಗಲಿ ಎಂಬಂತೆ ಕೂತಿದ್ದರು.

"ನೋಡಮ್ಮ, ಫೋನ್ ಮಾಡಿದ ಮುಕ್ಕಾಲು ಜನಕ್ಕೆ ಮನೇಲೇ ಇರಿ ಅಂತೀರಿ. ರೋಗಿನೇ ಬರದಿದ್ರೆ ಈ ಕೋಣೆ ಏನು ಕೆಲಸ ಮಾಡ್ತು ಅಂತ ಬರೀಲಿ?"

ಉತ್ತರಿಸುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಜ್ಜಿಯೊಬ್ಬರು; ಮಾತಿಗಿಂತ ಏದುಸಿರೇ ಜಾಸ್ತಿ. ಮೊಮ್ಮಗ ಜ್ಯೂಸ್ ಬಾಟಲಿಯಿಂದ ಕುಡಿದಿದ್ದಾನೆ. ಒಳಗಿದ್ದದ್ದು ಜ್ಯೂಸಲ್ಲ.

"ಏನು ತುಂಬಿಸಿದ್ರಿ ಅಮ್ಮ?"

"ಸೊಸೆ ತುಂಬಿಸಿದ್ದು. ಪಾತ್ರೆ ತೊಳೆಯೋದೋ, ಪೈಪ್ ಕಟ್ಟಿದ್ರೆ ಸುರಿಯೋದೋ ಗೊತ್ತಿಲ್ಲ. ಎರಡೂ ಕ್ಯಾನಲ್ಲಿ ತಂದಿದ್ಲು. ಉಪ್ಪುನೀರು ಕಲಸ್ಕೊಂಡಿದೀನಿ, ಕುಡಿಸಿ ವಾಂತಿ ಮಾಡಿಸ್ತೀನಿ."

"ಲೋಟ ಕೆಳಗಿಡಿ. ಇಟ್ರಾ?" ಧ್ವನಿ ಏರಲಿಲ್ಲ, ಬೆರಳು ಮಾತ್ರ ಫೋನಿನ ವೈರನ್ನು ಹಿಂಡುತ್ತಿತ್ತು. ಪಾತ್ರೆಯದಾದರೆ ಬಾಯಿ ಒರೆಸಿದರೆ ಸಾಕು. ಪೈಪಿನದಾದರೆ ಗಂಟಲು ಸುಟ್ಟಿರುತ್ತದೆ. ವಾಂತಿಯಾದರೆ ಇನ್ನೊಮ್ಮೆ ಸುಡುತ್ತದೆ. "ಕ್ಯಾನ್ ಎಲ್ಲಿವೆ, ನೋಡಿ."

ಅತ್ತ ಪಾತ್ರೆಗಳು ಉರುಳಿದ ಸದ್ದು. ಇತ್ತ ಸಾಹೇಬರು ಬಾಗಿದರು. "ಕರೆಸಿಬಿಡಿ. ಅಡ್ಮಿಟ್ ಆದ್ರೆ ನಿಮ್ಮ ಹೆಸರಲ್ಲಿ ಒಂದು ಕೇಸ್ ಬರ್ಕೋತೀನಿ." ಅವರ ಪ್ರಕಾರ ಅದು ಉಪಕಾರ.

ವಿಷದಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಬನ್ನಿ ಎಂದರೆ ಯಾರೂ ತಪ್ಪೆನ್ನುವುದಿಲ್ಲ, ಕೋಣೆಯೂ ಉಳಿದೀತು. ಬೇಡ ಎಂದು ಅದೇ ತಪ್ಪಾದರೆ?

"ಸಿಕ್ತಮ್ಮ. ಪೈಪಿನದರ ಸೀಲೇ ಒಡೆದಿಲ್ಲ. ಪಾತ್ರೆದು ಅರ್ಧ ಖಾಲಿ."

"ಮಗು ತುಟಿ ಕೆಂಪಾಗಿದ್ಯಾ? ಕೆಮ್ತಿದಾನಾ? ಉಸಿರಾಟ?"

"ಎಲ್ಲಾ ಸರಿಯಿದೆ. ಬಾಯಲ್ಲಿ ಗುಳ್ಳೆ ಬಿಟ್ಕೊಂಡು ನಗ್ತಿದಾನೆ, ಪೋರ."

ಆಕೆ ಸಾಹೇಬರತ್ತ ನೋಡಲಿಲ್ಲ. "ಮನೇಲೇ ಇರಿ. ಬಾಯಿ ಒರೆಸಿ, ಒಂದೆರಡು ಗುಟುಕು ನೀರು ಕೊಡಿ. ಕೆಮ್ಮು ನಿಲ್ಲದಿದ್ರೆ, ವಾಂತಿ ಆಗ್ತಾನೇ ಇದ್ರೆ ತಕ್ಷಣ ಹೊರಡಿ. ಆಮೇಲೆ ನಾನೇ ಮಾಡ್ತೀನಿ."

ಹೀಗೆ ಮತ್ತೆ ವಿಚಾರಿಸುವುದು ಆ ಕೋಣೆಯ ಪದ್ಧತಿ. ಸ್ವಲ್ಪ ಹೊತ್ತಿನ ಮೇಲೆ ಮಾಡಿದಾಗ ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರೂ ಇಲ್ಲ. ಹೊರಡಲೆಂದು ಎದ್ದ ಸಾಹೇಬರು ಬಾಗಿಲಲ್ಲೇ ನಿಂತರು. ಎದುರಿನ ತುರ್ತು ವಿಭಾಗದಲ್ಲಿ ಮಂಚ ಸಿಗದವರು ಗೋಡೆಗೊರಗಿ ಕೂತಿದ್ದರು. ಒಳಬರುವ ಪ್ರತಿ ಮಗುವಿನ ಬಾಯನ್ನೂ ಸಾಹೇಬರು ದಿಟ್ಟಿಸಿದರು.

"ಇನ್ನೊಂದ್ಸಲ ಮಾಡಮ್ಮ." ಲೆಕ್ಕದ ಧ್ವನಿ ಎಲ್ಲೋ ಬಿದ್ದುಹೋಗಿತ್ತು.

ಈ ಸಲ ಅಜ್ಜಿ ಎತ್ತಿದರು. "ಸೊಸೆ ಬಂದ್ಲು. ಬಾಟಲಿ ವಿಷಯಕ್ಕೆ ಇಬ್ರೂ ಜೋರು ಮಾಡ್ತಿದ್ವಿ, ಫೋನ್ ಕೇಳಿಸ್ಲಿಲ್ಲ. ಹುಡುಗನಾ? ಬಿಸ್ಕತ್ತು ತಿಂದು ಮಂಚದ ಮೇಲೆ ಕುಣೀತಿದಾನೆ."

ವಿಷದಕ್ಕ ಕಣ್ಣು ಮುಚ್ಚಿ ತೆರೆದಳು. ಸಾಹೇಬರು ಕುರ್ಚಿಗೆ ಮರಳಿದರು. "ಬಂದಿದ್ರೆ?"

"ಆಂಬುಲೆನ್ಸು, ಒಂದು ಮಂಚ, ಡಾಕ್ಟರ ಸಮಯ, ದಿನವಿಡೀ ನಿಗಾ. ಅಜ್ಜಿಗೆ ಬಿಪಿ ಏರಿದ್ರೆ ಇನ್ನೊಂದು ಮಂಚ. ಎಲ್ಲಾ ನಿಮ್ಮ ಖರ್ಚಲ್ಲೇ, ಸಾರ್."

ಸಾಹೇಬರ ಹಾಳೆಯಲ್ಲಿ ಬಂದವರಿಗೆ ಮಾತ್ರ ಜಾಗವಿತ್ತು. ಅವರು ಗಂಟಲು ಸರಿಮಾಡಿಕೊಂಡು, ತಾವೇ ಕಂಡುಹಿಡಿದಂತೆ ಘೋಷಿಸಿದರು: "ಬರದೇ ಇದ್ದೋರನ್ನೂ ಎಣಿಸ್ಬೇಕಾಗುತ್ತೆ. ಅಲ್ಲೀವರೆಗೂ ಇದನ್ನ ಮುಚ್ಚೋ ಹಾಗಿಲ್ಲ. ನಾಳೆ ಮತ್ತೆ ಬರ್ತೀನಿ."

"ಬನ್ನಿ ಸಾರ್, ಕಾಫಿ ಮಾಡ್ಕೊಂಡು ತರ್ತೀನಿ."

ಹೊರಗೆ ಕಾಲಿಟ್ಟ ಸಾಹೇಬರು ಬಾಗಿಲ ಮೇಲಿನ 'ವಿಷ ಸಹಾಯವಾಣಿ' ಫಲಕವನ್ನೊಮ್ಮೆ ನೋಡಿದರು. "ಕಾಫಿ ನಾನು ಮನೇಲೇ ಕುಡ್ಕೊಂಡು ಬರ್ತೀನಮ್ಮ."