ಗಂಜಿ ಕೈಯಲ್ಲಿ ಹೊಸ ಫೋನು

ನನ್ನ ತಂಗಿ ಶಿರಹಟ್ಟಿಯಲ್ಲಿದ್ದಾಳೆ. ನಾನು ಬೆಟಗೇರಿಯಲ್ಲಿ ಸೀರೆ ನೇಯುತ್ತೇನೆ. ಫೋನಿಗೆ ಕರೆನ್ಸಿ ಹಾಕಿಸಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ನಾವಿಬ್ಬರೂ ಒಂದು ರೂಢಿ ಮಾಡಿಕೊಂಡಿದ್ದೆವು. ಅವಳು ಏನಾದರೂ ಮೊದಲೇ ಕೇಳಿಟ್ಟು, ಆಮೇಲೆ ರಿಂಗ್ ಕೊಡುತ್ತಿದ್ದಳು. ನಾನು ಕಟ್ ಮಾಡಿದರೆ ಹೂಂ. ರಿಂಗ್ ತಾನಾಗಿಯೇ ಮುಗಿಯಲು ಬಿಟ್ಟರೆ ಆಗುವುದಿಲ್ಲ ಎಂದು. ಪಂಚಮಿಗೆ ಕರೆಯಲು ಬರುತ್ತೇನೋ ಇಲ್ಲವೋ, ಹತ್ತಿ ಬಿಡಿಸುವ ದಿನಗಳಲ್ಲಿ ಹೆಂಡತಿಯನ್ನು ಕಳಿಸುತ್ತೇನೋ ಇಲ್ಲವೋ, ಎಲ್ಲ ಹೀಗೆಯೇ ತೀರ್ಮಾನವಾಗುತ್ತಿತ್ತು. ಹಳೆಯ ಫೋನಿನ ಕೆಂಪು ಗುಂಡಿ ನನ್ನ ಹೆಬ್ಬೆರಳಿಗೆ ಪಾಠವಾಗಿತ್ತು. ಕಿಸೆಯಿಂದ ಹೊರಗೆ ತೆಗೆಯದೆಯೇ ಒತ್ತುತ್ತಿದ್ದೆ.

ಹೊಸ ಫೋನನ್ನು ನಾನು ಆಸೆಪಟ್ಟು ಕೊಂಡದ್ದಲ್ಲ. ನೂಲು ಕೊಡುವ ಸಾಹುಕಾರರು ಬಣ್ಣ, ಅಂಚು ಎಲ್ಲವನ್ನೂ ಫೋಟೋದಲ್ಲಿ ಕಳಿಸತೊಡಗಿದರು. ಕೀಪ್ಯಾಡಿನವನಿಗೆ ಕೆಲಸ ಸಿಗುವುದು ತಡವಾಗತೊಡಗಿತು. ತಂದ ಮೇಲೆ ಅದರ ಹತ್ತಿರ ಹೋಗಲು ನನಗೆ ಅಂಜಿಕೆ. ಕಿವಿಗೆ ಹಿಡಿದರೆ ಕೆನ್ನೆ ತಾಗಿ ಏನೋ ಆಗಿಬಿಡುತ್ತಿತ್ತು, ಆ ಕಡೆಯವರು ಹಲೋ ಹಲೋ ಎನ್ನುತ್ತಲೇ ಇರುತ್ತಿದ್ದರು. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಪರದೆಯೇ ಬದಲಾಗಿರುತ್ತಿತ್ತು. ಹೆಂಡತಿ ಬಲು ಬೇಗ ಕಲಿತಳು. ಹೇಳಿಕೊಡುತ್ತೇನೆ ಎಂದರೆ ಬೇಡವೆಂದೆ. ಓಣಿಯ ಗೆಳೆಯನಂತೂ ನಗುತ್ತಿದ್ದ.

"ಲೇ, ಅದು ಫೋನೋ ಕೂಸೋ? ಹಂಗ್ಯಾಕ ಸವರಾಕತ್ತೀದಿ?"

ಆಗಲೇ ತಂಗಿಯ ಮಗಳ ಮಾತು ಬಂದದ್ದು. ಹುಡುಗಿ ಪಿಯುಸಿ ಮುಗಿಸಿದ್ದಳು. ನರ್ಸಿಂಗ್ ಕಲಿಯುವ ಹಟ ಅವಳದು. ಗದಗ ಜಿಲ್ಲೆಯಾದ ಮೇಲೆ ಅಂಥ ಕಾಲೇಜುಗಳು ನಮ್ಮ ಬೆಟಗೇರಿಯ ಹತ್ತಿರದಲ್ಲೇ ಆಗಿದ್ದವು, ಆದರೆ ಹಾಸ್ಟೆಲಿಗೆ ಕಳಿಸಲು ಅವಳ ಅಪ್ಪ, ಅಜ್ಜಿ ತಯಾರಿರಲಿಲ್ಲ. ಸೋದರಮಾವನ ಮನೆಯಲ್ಲಿ ಇರುವುದಾದರೆ ಓದಲಿ, ಇಲ್ಲವಾದರೆ ಮುಂಡರಗಿಯಿಂದ ಬಂದ ಸಂಬಂಧಕ್ಕೆ ಮಾತು ಕೊಡುವುದು ಎಂದು ಅವರ ಹಟ. ತಂಗಿ ತನ್ನ ಫೋನು ಹಿಡಿದು ಪಕ್ಕದ ಮನೆಗೆ ಹೋಗಿ ಕರೆ ಮಾಡಿದಳು. ದನಿ ಸಣ್ಣಗಿತ್ತು.

"ಅಣ್ಣಾ, ನಾಳಿ ಮುಂಜಾನಿ ಗಂಡಿನ ಕಡ್ಯಾವ್ರು ಬರ್ತಾರ. ಅವರ ಮುಂದ ನಾ ಫೋನಿನ್ಯಾಗ ಮಾತಾಡಾಕ ಆಗಂಗಿಲ್ಲ. ನೀ ವೈನಿನ್ನ ಕೇಳಿಡು. ರಿಂಗ್ ಕೊಡ್ತೀನಿ. ನೀ ಕಟ್ ಮಾಡಿದ್ರ, ನಮ್ಮಣ್ಣ ಇಟ್ಕೋತಾನಂತ ಅವರ ಮುಂದ ಎದ್ದು ನಿಂತು ಹೇಳ್ತೀನಿ."

ಹೆಂಡತಿಯನ್ನು ಕೇಳಿದೆ. ಅವಳು ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲೂ ಇಲ್ಲ.

"ಬರ್ಲಿ ಬಿಡ್ರಿ. ಮಗ್ಗದ ಬಾಜೂಕ ಜಾಗಾ ಐತಿ. ಇದನ್ನೇನ್ ಕೇಳ್ತೀರಿ?"

ನಾನೂ ಹೂಂ ಎಂದೆ. ಒಳಗೆ ಮಾತ್ರ ಒಂದು ಅಳುಕು ಇತ್ತು. ಬೆಳೆದ ಹುಡುಗಿ, ಬಸ್ಸಿನಲ್ಲಿ ಓಡಾಡುವವಳು. ಏನಾದರೂ ಹೆಚ್ಚುಕಡಿಮೆಯಾದರೆ ಶಿರಹಟ್ಟಿಯವರೆಲ್ಲ ನನ್ನ ಅಂಗಳಕ್ಕೆ ಬರುತ್ತಾರೆ. ಆ ಅಳುಕನ್ನು ಹೆಂಡತಿಗೆ ಹೇಳಲಿಲ್ಲ.

ಮರುದಿನ ನಮ್ಮ ಓಣಿಯಲ್ಲಿ ಹಾಸು ನೂಲಿಗೆ ಗಂಜಿ ಹಚ್ಚುವ ಕೆಲಸ. ಹಾಸು ಎಂದರೆ ಸೀರೆಯ ಉದ್ದಕ್ಕೆ ಬರುವ ನೂಲು. ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಕುಂಚದಿಂದ ತಿಕ್ಕುತ್ತಾ ಹೋಗಬೇಕು. ನಡುವೆ ಕೈ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಒಣಗಿ, ಹಾಸೇ ಕೆಡುತ್ತದೆ. ಹಾಗಾಗಿ ಮನೆಯವರಷ್ಟೇ ಅಲ್ಲ, ಓಣಿಯವರೂ ಕೈಜೋಡಿಸುತ್ತಾರೆ. ಅಂದಿನ ಹಾಸು ನನ್ನದೇ. ಫೋನನ್ನು ಕಟ್ಟೆಯ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟಿದ್ದೆ. ಕುಂಚ ಆಡಿಸುತ್ತಿದ್ದೆ, ಕಿವಿಯೆಲ್ಲ ಕಟ್ಟೆಯ ಕಡೆಗೇ.

ರಿಂಗಾಯಿತು. ಪರದೆಯ ಮೇಲೆ ತಂಗಿಯ ಹೆಸರು. ಓಡಿಹೋಗಿ ಬೆರಳಿಟ್ಟೆ. ಮೊಣಕೈವರೆಗೂ ಗಂಜಿ, ಗಾಜಿನ ಮೇಲೆ ಬಿಳಿಯ ಗೀರು ಮೂಡಿತೇ ಹೊರತು ಏನೂ ಕದಲಲಿಲ್ಲ. ಧೋತರಕ್ಕೆ ಒರೆಸಿ ಮತ್ತೆ ಎಳೆದೆ, ಅದೂ ಒದ್ದೆ. ಫೋನು ಕೂಗುತ್ತಲೇ ಇತ್ತು. ಶಿರಹಟ್ಟಿಯ ಪಡಸಾಲೆಯಲ್ಲಿ ತಂಗಿ ತನ್ನ ಫೋನನ್ನು ಸೆರಗಿನಲ್ಲಿ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು. ಬದಿಯಲ್ಲಿ ಒಂದು ಗುಂಡಿ ಇತ್ತಲ್ಲ, ಅದನ್ನು ಒತ್ತಿದೆ. ಸದ್ದು ನಿಂತಿತು.

"ಕಟ್ ಆತಿಲ್ಲೋ? ಬಾರಲೇ ಜಲ್ದಿ, ಗಂಜಿ ಒಣಗಾಕತ್ತೈತಿ!" ಎಂದು ಗೆಳೆಯ ಆ ತುದಿಯಿಂದ ಕೂಗಿದ.

"ಆತು," ಎಂದೆ.

ಆಗಿರಲಿಲ್ಲ. ಸದ್ದಷ್ಟೇ ನಿಂತಿತ್ತು. ತಂಗಿಯ ಹೆಸರು ಪರದೆಯಲ್ಲಿ ಇನ್ನೂ ಬೆಳಗುತ್ತಿತ್ತು, ನಾನು ನೋಡಿದೆ. ಹೆಂಡತಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಳಗೇ ಇದ್ದಳು, ಕೂಗಿದ್ದರೆ ಬರುತ್ತಿದ್ದಳು. ಕೂಗಲಿಲ್ಲ. ಆ ಬೆಳಕು ಆರುವುದನ್ನು ನೋಡಿ ಕುಂಚ ಕೈಗೆತ್ತಿಕೊಂಡೆ. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿತ್ತು, ಖರೆ. ಆದರೆ ಹೆಗಲ ಮೇಲಿನ ಭಾರ ಇಳಿದಂತೆಯೂ ಆಗಿತ್ತು.

ಹಾಸು ಮುಗಿಯಿತು. ಕೈ ತೊಳೆದೆ. ಎಲ್ಲರೊಂದಿಗೆ ಕೂತು ಚಹಾ ಕುಡಿದೆ. ಅದಾದ ಮೇಲೆಯೇ ಹೆಂಡತಿಯ ಕೈಗೆ ಫೋನು ಕೊಟ್ಟು, ತಂಗಿಗೆ ಹಚ್ಚು ಎಂದೆ. ತಂಗಿಯ ದನಿ ಒಣಗಿತ್ತು.

"ಮಾತು ಕೊಟ್ರಣ್ಣಾ. ಎಲಿ ಅಡಕಿ ಆತು. ಇರ್ಲಿ, ನಿನಗೂ ನಿನ್ನ ಅಡಚಣಿ ಇರ್ತಾವ."

ಫೋನನ್ನು ಹೆಂಡತಿಗೆ ತಿರುಗಿ ಕೊಟ್ಟೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು.

ಆ ವಾರವೇ ಶಿರಹಟ್ಟಿಗೆ ಹೋದೆ. ತಂಗಿ ಮೊದಲಿನಂತೆಯೇ ಚಹಾ ಇಟ್ಟಳು. ಅವಳ ಮಗಳು ಮಾತ್ರ ಬಾಗಿಲ ಬದಿಗೇ ನಿಂತಳು. ಕೂತಿದ್ದಾಗ ಯಾರದೋ ಕರೆ ಬಂತು, ನಾನು ತಡಕಾಡಿದೆ. ಹುಡುಗಿ ಹತ್ತಿರ ಬಂದು ಫೋನು ಇಸಿದುಕೊಂಡಳು.

"ಮಾಮಾ, ಮ್ಯಾಲ ಎಳದ್ರ ಎತ್ತೂದು, ಕೆಳಗ ಎಳದ್ರ ಕಟ್. ಈ ಬಾಜೂಕಿನ ಗುಂಡಿ ಒತ್ತಬ್ಯಾಡ. ಅದು ಬರೇ ಸಪ್ಪಳ ಬಂದ್ ಮಾಡ್ತೈತಿ."

ಒಲೆಯ ಮುಂದಿದ್ದ ತಂಗಿಯ ಕೈ ನಿಂತಿತು.

"ಅಣ್ಣಾ, ಅವತ್ತ ನೀ ಆ ಗುಂಡಿನ ಒತ್ತಿದ್ದೇನು?"

ಎಲ್ಲ ಹೇಳಿಬಿಡಲು ಅದೇ ಹೊತ್ತು. ಬೆಳಕು ನೋಡಿದ್ದು, ಹೆಂಡತಿಯನ್ನು ಕೂಗದಿದ್ದದ್ದು, ಚಹಾ ಕುಡಿದದ್ದು. ನಾನು ಅಂದದ್ದು ಇಷ್ಟೇ: "ಹೂಂ. ಸಪ್ಪಳ ನಿಂತು. ಕಟ್ ಆತಂತ ತಿಳಕೊಂಡೆ."

ಅವಳು ಹಣೆ ಹಣೆ ಬಡಿದುಕೊಂಡಳು.

"ಅಯ್ಯ, ನಾ ಎಂಥಾಕಿ! ಇನ್ನೊಮ್ಮಿ ಹಚ್ಚಿದ್ರ ನನ್ನ ಕೈ ಮುರೀತಿತ್ತೇನು?" ಎಂದು ಮಗಳ ಕಡೆ ತಿರುಗಿದಳು. "ನಿಮ್ಮ ಮಾಮಾಂದೇನೂ ತಪ್ಪಿಲ್ಲವಾ. ತಪ್ಪು ನಂದು."

ಹುಡುಗಿ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

ಮುಂಡರಗಿಯಲ್ಲಿ ಅವಳ ಸಂಸಾರ ನಡೆದಿದೆ. ಗಂಡ ಕೆಟ್ಟವನಲ್ಲ. ಆದರೆ ನಂಟರು ಕೂಡಿದ ಕಡೆಯೆಲ್ಲ ತಂಗಿ ಆ ಮಾತು ತೆಗೆಯುತ್ತಾಳೆ. ಒಂದು ರಿಂಗಿನ ಆಲಸ್ಯದಿಂದ ಮಗಳ ಓದು ತಪ್ಪಿಸಿದೆ ಎಂದು ತನ್ನನ್ನೇ ಬೈದುಕೊಳ್ಳುತ್ತಾಳೆ. ನಾನು ಅಲ್ಲೇ ಕೂತಿರುತ್ತೇನೆ. ಬಾಯಿ ತೆರೆಯುವುದಿಲ್ಲ.